ಹಳೇ ಲೈನು ಕಾಯ್ದ ಗಾಳೆವ್ವ

ಗಾಳೆವ್ವನಿಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಪಂಚಾಯ್ತಿ ಸಭೆಯಲ್ಲಿ ಉಳಿದ ಸದಸ್ಯರೆಲ್ಲ ಕುರ್ಚಿ ಹಿಡಿದು ಕೂತರೆ ಆಕೆ ಬಾಗಿಲಿನ ಚೌಕಟ್ಟಿಗೆ ಭುಜ ಕೊಟ್ಟು ನಿಂತಿರುತ್ತಿದ್ದಳು. ಯಾರಾದರೂ ಕುರ್ಚಿ ಸರಿಸಿಕೊಟ್ಟರೆ, "ಬ್ಯಾಡ್ರಿ, ಕುಂತ್ರ ನನ್ನ ತಲಿ ಓಡೂದಿಲ್ಲ" ಎನ್ನುತ್ತಿದ್ದಳು. ಕಾರ್ಯಾಲಯಕ್ಕೆ ಅಂಟಿಕೊಂಡಿರುವ ಕೋಣೆಯೇ ನಮ್ಮ ಊರಿನ ಗ್ರಂಥಾಲಯ. ಅದರ ಮೇಲ್ವಿಚಾರಕ ನಾನು. ನಡುವಿನ ಗೋಡೆ ಎಷ್ಟು ತೆಳುವೆಂದರೆ ಆಚೆ ಕೋಣೆಯ ಠರಾವು-ನಿರ್ಣಯಗಳೆಲ್ಲ ನನಗೆ ಬಾಯಿಪಾಠ. ಗಾಳೆವ್ವ ಓದುವುದನ್ನು ಕಲಿತದ್ದು ದೊಡ್ಡವಳಾದ ಮೇಲೆ, ಅಕ್ಷರ ಕೂಡಿಸಿ ಕೂಡಿಸಿ. ಸರ್ಕಾರದ ಕಾಗದ ಬಂದರೆ ಅದನ್ನು ಹಿಡಿದು ನನ್ನ ಮೇಜಿನ ಹತ್ತಿರ ಬರುತ್ತಿದ್ದಳು. ನಾನು ಓದಿ ಮುಗಿಸುವುದರೊಳಗೆ ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಾಲ್ಕು ಸಲ ಓಡಾಡಿರುತ್ತಿದ್ದಳು.

ನಮ್ಮ ತೊಂಡಿಕೊಪ್ಪ ರೋಣ ತಾಲ್ಲೂಕಿನ ಅಂಚಿನ ಹಳ್ಳಿ. ಯಾವಗಲ್ ದಾಟಿ ಬೆಣ್ಣಿಹಳ್ಳದ ದಂಡೆಯುದ್ದಕ್ಕೂ ಬಂದರೆ ಸಿಗುತ್ತದೆ. ಸುತ್ತೆಲ್ಲ ಎರೆ ಭೂಮಿ, ಮಳೆ ಬಿದ್ದರೆ ಕಾಲಿಟ್ಟಲ್ಲೇ ಚಪ್ಪಲಿ ಹಿಡಿಯುವ ನೆಲ. ಅದರ ನಡುವೆ ಆಳೆತ್ತರದ ಗರಸು ಮಣ್ಣಿನ ದಿಬ್ಬವೊಂದು ಊರಿನ ಬೆನ್ನಿನಿಂದ ಹೊರಟು ನಾಲ್ಕು ಮೈಲಿ ನೆಟ್ಟಗೆ ರೈಲ್ವೆ ಸ್ಟೇಷನ್ನಿಗೆ ಹೋಗುತ್ತದೆ. ಸಣ್ಣ ಗೇಜಿನ ಕಾಲದಲ್ಲಿ ಹತ್ತಿ, ಗೋಧಿ ತುಂಬಿದ ಡಬ್ಬಿಗಳು ಅದರ ಮೇಲೆ ಓಡುತ್ತಿದ್ದವು. ಮುಖ್ಯ ಲೈನು ದೊಡ್ಡ ಗೇಜಿಗೆ ಬದಲಾದಾಗ ಈ ಕವಲನ್ನು ಕೈಬಿಟ್ಟು ಹಳಿ ಕಿತ್ತರು. ದಿಬ್ಬ ಮಾತ್ರ ಉಳಿಯಿತು. ಜನ ಅದನ್ನು ಈಗಲೂ "ಹಳೇ ಲೈನ್" ಎಂದೇ ಕರೆಯುತ್ತಾರೆ.

ಹಳಿ ಕೀಳುವ ಕೂಲಿಗೆ ಹೋದವರಲ್ಲಿ ಗಾಳೆವ್ವನೂ ಒಬ್ಬಳು. ಆಗ ಆಕೆಗೆ ಹದಿನೇಳೋ ಹದಿನೆಂಟೋ. ನಾಲ್ಕು ಹೆಂಗಸರು ಸೇರಿ ಹಳಿಯಡಿಯ ಒಂದು ಸ್ಲೀಪರ್ ತೊಲೆ ಹೊರುತ್ತಿದ್ದರಂತೆ. ಆಮೇಲೆ ಮದುವೆ, ಹೊಲದ ಕೂಲಿ. ಗಂಡ ಗೋವಾದಲ್ಲಿ ಕಟ್ಟಡದ ಗೌಂಡಿ ಕೆಲಸಕ್ಕೆ ಹೋದವನು ದೀಪಾವಳಿಗೆ ಮಾತ್ರ ಮುಖ ತೋರಿಸುತ್ತಿದ್ದ. ಒಬ್ಬಳೇ ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದಳು. ತಮ್ಮ ಪರಶಪ್ಪ ಹೆಂಡತಿ ಮತ್ತು ಮೂವರು ಮಕ್ಕಳೊಂದಿಗೆ ಅಕ್ಕನ ಮನೆಯಲ್ಲೇ ಇದ್ದ. ಎರಡಂಕಣದ ಮನೆ, ಆರು ಜನ. ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು.

ಆಕೆ ಕೂರಲಾರದ ಕಳವಳದ ಮೂಲ ದೊಡ್ಡ ನೆರೆಯ ವರ್ಷದಲ್ಲಿದೆ. ಅದಕ್ಕೂ ಎರಡು ಬೇಸಿಗೆ ಹಿಂದೆ ಊರಲ್ಲಿ ನಾಲ್ಕೈದು ಹೊಸ ಮನೆಗಳು ಎದ್ದವು. ಎರೆ ನೆಲದಲ್ಲಿ ಬುನಾದಿಗೆ ಗರಸು ತುಂಬದೆ ಗೋಡೆ ನಿಲ್ಲುವುದಿಲ್ಲ. ಗರಸು ಹತ್ತಿರದಲ್ಲಿ ಸಿಗುವುದು ಹಳೇ ಲೈನಿನಲ್ಲಿ. ಹಳ್ಳದ ಹತ್ತಿರ ಒಂದು ಕಡೆ ದಿಬ್ಬ ಕಡಿದು ಟ್ರಾಕ್ಟರ್ ತುಂಬಿದರು. ತುಂಬಿದ ಏಳು ಕೂಲಿಗಳಲ್ಲಿ ಗಾಳೆವ್ವ ಒಬ್ಬಳು. ಯಾರೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅಲ್ಲಿ ಎರಡು ಬಂಡಿ ಹಿಡಿಯುವಷ್ಟು ಕಂದರ ಬಿದ್ದಿತ್ತು.

ಆಮೇಲೆ ಆ ಆಗಸ್ಟ್. ಹಳ್ಳ ಉಕ್ಕಿ ಡಾಂಬರು ರಸ್ತೆ ಮುಳುಗಿತು, ಮಧ್ಯಾಹ್ನಕ್ಕೆ ಓಣಿಗಳಿಗೆ ನೀರು ನುಗ್ಗಿತು. ಊರಿಗೆ ಊರೇ ದನಕರು ಹೊಡೆದುಕೊಂಡು ಹಳೇ ಲೈನ್ ಹತ್ತಿ ಸ್ಟೇಷನ್ ದಾರಿ ಹಿಡಿಯಿತು. ಕಂದರದ ಹತ್ತಿರ ಬಂದು ನಿಂತಿತು. ಎದೆಮಟ್ಟದ ನೀರು ಅಡ್ಡಲಾಗಿ ಹರಿಯುತ್ತಿತ್ತು. ಹಗ್ಗ ಕಟ್ಟಿ, ಕೈ ಕೈ ಹಿಡಿದು ಮಕ್ಕಳನ್ನು ದಾಟಿಸಿದರು. ಮುದುಕಿ ಸಕ್ಕೂಬಾಯಿಯ ಕೈ ಜಾರಿತು. ಎರಡು ದಿನದ ನಂತರ ಕೆಳಗಿನ ಊರಿನ ಮುಳ್ಳುಕಂಟಿಯಲ್ಲಿ ಹೆಣ ಸಿಕ್ಕಿತು.

ಕಂದರ ಕಡಿದವರು ಯಾರೆಂದು ಆಗ ಯಾರೂ ಎತ್ತಲಿಲ್ಲ. ಅಷ್ಟು ನೀರಿನ ಮುಂದೆ ಯಾರನ್ನು ದೂರುವುದು ಎಂದು ಜನ ಸುಮ್ಮನಾದರು. ಗಾಳೆವ್ವನೂ ಬಾಯಿಬಿಡಲಿಲ್ಲ. ಆದರೆ ಅಂದಿನಿಂದ ಆಕೆಗೆ ಬೆಳಿಗ್ಗೆ ಲೈನಿನ ಮೇಲೆ ಸ್ಟೇಷನ್ನಿನವರೆಗೆ ಹೋಗಿ ಬರದಿದ್ದರೆ ದಿನ ಹರಿಯುತ್ತಿರಲಿಲ್ಲ. ಮರುವರ್ಷ ಚುನಾವಣೆ ಬಂತು. ಮಹಿಳಾ ಮೀಸಲು ಸ್ಥಾನಕ್ಕೆ ಓಣಿಯವರು ಆಕೆಯ ಹೆಸರು ಹೇಳಿದರು. "ಹ್ಯಾಂಗೂ ದಿನಾ ತಿರಗಾಕಿ, ನಮ್ಮ ಕೆಲಸಕ್ಕ ತಿರಗಲಿ" ಎಂಬುದು ಅವರ ಲೆಕ್ಕ. ಗೆದ್ದಳು.

ಎರಡು ವರ್ಷದ ಮೇಲೆ ಹಳೇ ಲೈನಿನ ಮಾತು ಬಂತು. ಆ ಜಾಗವನ್ನು ರೈಲ್ವೆಯವರು ಹಿಂದೆಯೇ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದರು, ಸರ್ಕಾರ ಪಂಚಾಯ್ತಿಗೆ ವಹಿಸಿತ್ತು. ಅಧ್ಯಕ್ಷ ಕೊಟ್ರೇಶ ಊರಿನ ದೊಡ್ಡ ಜಮೀನುದಾರ, ನರಗುಂದದ ಪೇಟೆಯಲ್ಲಿ ಕಾಳಿನ ಅಂಗಡಿಯಿದ್ದವನು. ಕೆಟ್ಟ ಮನುಷ್ಯನಲ್ಲ. ಊರಿನಲ್ಲಿ ಮನೆ ಜಾಗವಿಲ್ಲದ ಅರವತ್ತೆರಡು ಕುಟುಂಬಗಳ ಪಟ್ಟಿ ಮಾಡಿಸಿದವನೇ ಅವನು. ಊರಿಗೆ ಹತ್ತಿದ ಒಂದು ಮೈಲಿ ದಿಬ್ಬವನ್ನು ಸಮ ಮಾಡಿ ಮನೆ ಜಾಗ ಹಂಚುವುದು, ಬಸ್ ನಿಲ್ದಾಣದ ಕಡೆ ಸಾಲಾಗಿ ಅಂಗಡಿ ಕಟ್ಟಿಸುವುದು ಅವನ ಯೋಜನೆ. ಪಟ್ಟಿಯ ಮೊದಲ ಪುಟದಲ್ಲೇ ಪರಶಪ್ಪನ ಹೆಸರಿತ್ತು.

ಸಭೆಯಲ್ಲಿ ಎಲ್ಲರ ಕೈ ಎದ್ದವು. ಚೌಕಟ್ಟಿಗೆ ಒರಗಿದ್ದ ಗಾಳೆವ್ವನ ಕೈಯೂ ಎದ್ದಿತು.

ಅದೇ ವಾರ ಲೈನಿನ ಮೇಲೆ ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡು ಇಬ್ಬರು ಅಳತೆ ಮಾಡುತ್ತಿದ್ದರು. ನರಗುಂದದ ಕಡೆಗೆ ಹೊಸ ರೈಲು ದಾರಿ ಸಾಧ್ಯವೇ ಎಂದು ನೋಡುವ ಸರ್ವೆಯವರು. ಅವರಲ್ಲಿ ಹಿರಿಯ ಅನಿಲಕುಮಾರ ಎಂಬ ಇಂಜಿನಿಯರು. ಗಾಳೆವ್ವ ಅವರ ಹಿಂದೆಯೇ ನಡೆದಳು. ಕಂದರದ ಹತ್ತಿರ ಆತ ನಿಂತು, "ಇದನ್ನು ಯಾರು ಕಡಿದರು?" ಎಂದು ಕೇಳಿದ. ಆಕೆ, "ಇದರ ಮ್ಯಾಲ ರೈಲ್ ಬರತೈತೇನ್ರಿ?" ಎಂದಳು.

"ಅದು ನಮ್ಮ ಕೈಯಲ್ಲಿಲ್ಲಮ್ಮ. ನಾವು ಅಳೆದು ವರದಿ ಕೊಡೋರು. ಹತ್ತು ವರ್ಷ ಹಿಡಿಯಬಹುದು, ಬರದೇ ಇರಬಹುದು."

"ಬಂದ್ರ?"

"ಈ ದಿಬ್ಬ ಅಖಂಡವಾಗಿದ್ದರೆ ಇಲ್ಲೇ ತರೋದು ಸುಲಭ. ಇಲ್ಲಿ ಮನೆ ಎದ್ದರೆ ಆ ಕಡೆಯಿಂದ ತರಬೇಕಾಗುತ್ತೆ." ಆತ ಕೈ ತೋರಿಸಿದ ಕಡೆ ಎರಡೆಕರೆ, ಮೂರೆಕರೆಯವರ ಹೊಲಗಳಿದ್ದವು. ಜೋಳ ಹಾಲು ಹಿಡಿಯುತ್ತಿತ್ತು.

ಆ ಮಧ್ಯಾಹ್ನ ಆಕೆ ಗ್ರಂಥಾಲಯಕ್ಕೆ ಬಂದಾಗ ಏದುಸಿರು ಬಿಡುತ್ತಿದ್ದಳು. "ಮಾಸ್ತರ, ಎತ್ತಿದ ಕೈ ಇಳಸಾಕ ಬರತೈತೇನ್ರಿ?"

ಅದರ ನಿಯಮ ನನಗೆ ಗೊತ್ತಿರಲಿಲ್ಲ. ಇಬ್ಬರೂ ಪಕ್ಕದ ಕೋಣೆಗೆ ಹೋದೆವು. ಅಭಿವೃದ್ಧಿ ಅಧಿಕಾರಿ ನಿರ್ಮಲಾ ಮೇಡಂ ಕಡತದಿಂದ ತಲೆ ಎತ್ತದೆ ಕೇಳಿಸಿಕೊಂಡರು. ಕೊನೆಗೆ ಹೇಳಿದರು: "ಠರಾವು ಬರದಾಗೇತಿ, ಗಾಳೆವ್ವ. ಆದ್ರ ಅದು ಅರ್ಧಾ ಕೆಲಸ. ಜಮೀನಿನ ಉಪಯೋಗ ಬದಲಾಗಬೇಕಂದ್ರ ಗ್ರಾಮಸಭಾ ಒಪ್ಪಬೇಕು. ಊರ ಮತದಾರರು ಬ್ಯಾಡ ಅಂದ್ರ ಬ್ಯಾಡ. ನೀವೂ ಒಂದು ಅರ್ಜಿ ಕೊಡ್ರಿ. ಆ ಲೈನ್ ಊರ ನಕಾಶದಾಗ ಸಾರಿಗೆಗೆ ಮೀಸಲು ಅಂತ ಗುರುತಾಗಲಿ, ಯಾರೂ ಕಟ್ಟಬಾರದು, ಕಡೀಬಾರದು ಅಂತ. ಎರಡೂ ಸಭಾದ ಮುಂದ ಇಡತೇನಿ."

"ಮತ್ತ ಅರವತ್ತೆರಡ ಮನಿಯವ್ರು?"

"ಅದನ್ನ ನೀವ ಹೇಳಬೇಕು" ಎಂದು ಮೇಡಂ ಮತ್ತೆ ಕಡತಕ್ಕೆ ಇಳಿದರು.

ಅರ್ಜಿ ನಾನು ಬರೆದೆ, ಆಕೆ ಸಹಿ ಹಾಕಿದಳು. ಗ್ರಾಮಸಭೆಗೆ ಇಪ್ಪತ್ತಾರು ದಿನಗಳಿದ್ದವು. ಅಷ್ಟೂ ದಿನ ಗಾಳೆವ್ವ ಕೂಲಿಗೆ ಹೋದದ್ದು ಅಪರೂಪ. ಅರವತ್ತೆರಡು ಮನೆಗೆ ಬೇರೆ ಜಾಗ ತೋರಿಸದೆ ಬಾಯಿ ತೆರೆಯುವುದು ಹೇಗೆ? ಊರ ಪಡುವಲಿಗೆ ಮುಕ್ಕಾಲು ಮೈಲಿ ದೂರದಲ್ಲಿ ಜಾಲಿ ಬೆಳೆದು ಬಿದ್ದಿದ್ದ ಏಳೆಕರೆ ಸರ್ಕಾರಿ ಪಡ, ಅಂದರೆ ಬೀಳು ನೆಲ, ಇತ್ತು. ಅದು ನಿಜವಾಗಿ ಸರ್ಕಾರದ್ದೇ ಎಂದು ತೋರಿಸುವ ಪಹಣಿ ಉತಾರ ಬೇಕು. ರೋಣದ ಕಚೇರಿಗೆ ಬಸ್ಸಿನಲ್ಲಿ ಹೋದಳು. ಸಾಹೇಬರಿಲ್ಲ ಎಂದರು, ಬಂದಳು. ಮರುದಿನ ಸರ್ವರ್ ಇಲ್ಲ ಎಂದರು. ಆರನೆಯ ಸಲಕ್ಕೆ ಅಲ್ಲಿನ ಗುಮಾಸ್ತ, "ನೀ ಹಿಂಗ ಕಿಡಕ್ಯಾಗ ನಿಂತ್ರ ನನಗ ಬ್ಯಾರೆ ಕೆಲಸ ಆಗೂದಿಲ್ಲ ಬೇ" ಎಂದು ಗೊಣಗುತ್ತ ಪ್ರತಿ ತೆಗೆದುಕೊಟ್ಟ.

ಊರೊಳಗಿನ ತಿರುಗಾಟ ಅದಕ್ಕಿಂತ ಕಷ್ಟದ್ದು. ಒಂದು ಮನೆಯಲ್ಲಿ ಚಹಾ ಕೊಟ್ಟರೆ ಇನ್ನೊಂದರಲ್ಲಿ ಕದ ಹಾಕಿಕೊಂಡರು. ಹೊಲ ಹೋಗಬಹುದೆಂಬ ಭಯವಿದ್ದವರು ಆಕೆಯ ಕಡೆ ವಾಲಿದರು. ಟಂಟಂ ಆಟೋ ಓಡಿಸುವ ಇರ್ಫಾನ, "ರೈಲ್ ಬಂದ್ರ ನನ್ನ ಗಾಡಿ ಮೂಲಿಗಿ ಬೀಳತೈತಿ ಕಾಕಿ" ಎಂದು ನಕ್ಕ. ಗಾಡಿ ಚಾಲೂ ಮಾಡುತ್ತ, "ಆದ್ರ ಆ ನೆರಿ ದಿನ ನಾನೂ ಲೈನ್ ಮ್ಯಾಲ ಇದ್ದೆ" ಎಂದ.

ಪಟ್ಟಿಯಲ್ಲಿ ಹೆಸರಿದ್ದ ಗೌರವ್ವನ ಮನೆ ಮುಂದೆ ಬೈಗುಳವೇ ಸಿಕ್ಕಿತು. "ನಿನಗೇನ, ನಿನ್ನ ತಲಿ ಮ್ಯಾಲ ಹಂಚ ಅದಾವು. ನನ್ನ ಸೊಸಿ ಹಡದ ಮೂರ ದಿನಕ್ಕ ದನದ ಕೊಟ್ಟಿಗ್ಯಾಗ ಮಲಗ್ಯಾಳ. ಆಕಿಗೆ ರೈಲ್ ತೋರಸ್ತಿ?"

ಗಾಳೆವ್ವ ಉತಾರದ ಕಾಗದ ಬಿಚ್ಚಿ ತೋರಿಸಿದಳು. ಗೌರವ್ವ ಅದನ್ನು ನೋಡಲಿಲ್ಲ.

ಮನೆಯಲ್ಲಂತೂ ಪರಶಪ್ಪ ಮಾತು ಬಿಟ್ಟಿದ್ದ. ಒಂದು ಬೆಳಿಗ್ಗೆ ರೊಟ್ಟಿ ತಿನ್ನುವಾಗ ತಡೆಯಲಾರದೆ ಕೇಳಿದ: "ಅಕ್ಕಾ, ಒಂದ ಮಾತ ಖರೇ ಹೇಳು. ರೈಲ್ ಬರತೈತಂತ ನಿನಗ ಗೊತ್ತೈತಿ?"

"ಇಲ್ಲೊ."

"ಮತ್ತ?"

"ಬರೂದಿಲ್ಲಂತನೂ ಗೊತ್ತಿಲ್ಲ. ಮನಿ ಎದ್ದ ಮ್ಯಾಲ ಅವನ್ನ ಕೆಡವಾಕ ಯಾರಿಂದ ಆಕ್ಕೈತಿ? ಇವತ್ತ ಬಿಟ್ರ ಅದು ಹ್ವಾತು."

"ಪಟ್ಟಿಯೊಳಗ ನನ್ನ ಹೆಸರ ಐತಿ. ನಿನ್ನ ಒಡಹುಟ್ಟಿದ ತಮ್ಮಂದು."

"ಪಡದಾಗೂ ನಿನ್ನ ಹೆಸರ ಮೊದಲ ಬರಿಸ್ತೇನಿ."

"ಆ ಜಾಲಿ ಕಂಟ್ಯಾಗ ನೀನ ಇರು." ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ. ಮೂರನೆಯ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪುರ್ತಗೇರಿಯಲ್ಲಿದ್ದ ಮಾವನ ಮನೆಗೆ ಹೊರಟುಹೋದ. ಆರು ಜನರಿದ್ದ ಮನೆಯಲ್ಲಿ ಆಕೆ ಒಬ್ಬಳೇ ಉಳಿದಳು. ಮಲಗಲು ಜಾಗ ಬೇಕಾದಷ್ಟಾಯಿತು. ನಿದ್ದೆ ಮಾತ್ರ ಹತ್ತಲಿಲ್ಲ ಎಂದು ನನ್ನ ಹತ್ತಿರ ಹೇಳಿದಳು.

ಮೊದಲ ಗ್ರಾಮಸಭೆ ಕೋರಂ ಇಲ್ಲದೆ ಎರಡು ವಾರ ಮುಂದಕ್ಕೆ ಹೋಯಿತು. ಆ ಎರಡು ವಾರ ಆಕೆಯ ಮುಖ ನೋಡಲಾಗುತ್ತಿರಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. "ನಾ ಮಾಡೂದು ತಪ್ಪಿದ್ರ ಹೇಳ್ರಿ ಮಾಸ್ತರ, ಅರ್ಜಿ ಹರದ ಒಗೀತೇನಿ" ಎನ್ನುವಳು. ನಾನು ಬಾಯಿ ತೆರೆಯುವುದರೊಳಗೆ, "ಬ್ಯಾಡ, ಹೇಳಬ್ಯಾಡ್ರಿ" ಎಂದು ಹೊರಟೇಬಿಡುವಳು.

ಎರಡನೆಯ ಸಭೆ ಶಾಲೆಯ ಅಂಗಳದಲ್ಲಿ ಕೂಡಿತು. ಇನ್ನೂರ ಮೂವತ್ತೊಂದು ಜನ ಸಹಿ ಹಾಕಿದ್ದರು. ಮೊದಲು ಕೊಟ್ರೇಶ ಮಾತಾಡಿದ. ವಾದ ಸುಳ್ಳಾಗಿರಲಿಲ್ಲ. "ಮೂವತ್ತ ವರ್ಷದಿಂದ ಆ ದಿಬ್ಬದ ಮ್ಯಾಲ ಆಡ ಮೇಯಾಕತ್ತಾವು. ಸರ್ವೆ ಎಷ್ಟ ಸಲ ಬಂತು, ಎಷ್ಟ ಸಲ ಹ್ವಾತು? ಕಣ್ಣ ಮುಂದ ಇರೂ ಮಂದಿ ಬಿಟ್ಟು, ಬರದಿರೂ ರೈಲಿಗೆ ಜಾಗಾ ಹಿಡದ ಕುಂದರೂದು ಯಾವ ನ್ಯಾಯ?" ಚಪ್ಪಾಳೆ ಬಿತ್ತು. ಗೌರವ್ವನ ಓಣಿಯವರು ಎದ್ದು ನಿಂತು ತಟ್ಟಿದರು.

ಗಾಳೆವ್ವ ಧ್ವಜದ ಕಟ್ಟೆಯ ಪಕ್ಕ ನಿಂತಿದ್ದಳು. ಮೈಕ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ನಾ ಭಾಷಣಾ ಮಾಡಾಕಿ ಅಲ್ಲ. ಹಳ್ಳದ ಕಡೆ ಲೈನ್ ಕಡದೈತಲ್ಲ, ಅದನ್ನ ಕಡದವ್ರಾಗ ನಾನೂ ಒಬ್ಬಾಕಿ. ಬುಟ್ಟಿ ತುಂಬಿ ಟ್ರಾಕ್ಟರಿಗೆ ಹಾಕೇನಿ. ಉಳಿದವ್ರ ಹೆಸರ ಹೇಳೂದಿಲ್ಲ, ನನ್ನ ಹೆಸರ ಹೇಳತೇನಿ. ಸಕ್ಕೂಬಾಯಿ ಅಲ್ಲೇ ಹ್ವಾದಳು."

ಆಕೆ ಕಟ್ಟೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಅವತ್ತ ಯಾರೂ ನಮ್ಮನ್ನ ಕೇಳಲಿಲ್ಲ. ಊರ ಆಸ್ತಿ, ಊರ ಕೇಳಬೇಕಾಗಿತ್ತು. ಮೊನ್ನೆ ಪಂಚಾಯ್ತ್ಯಾಗೂ ಇಚಾರ ಮಾಡದ ಕೈ ಎತ್ತಿದೆ, ಅದೂ ನನ್ನ ತಪ್ಪ. ರೈಲ್ ಬರತೈತಂತ ನಾ ಆಣಿ ಮಾಡೂದಿಲ್ಲ. ನಾಲ್ಕ ಮೈಲಿ ಒಂದ ತುಂಡಾಗಿ ಐತಿ, ಹಂಗ ಇರಲಿ ಅಂತೇನಿ. ಮನಿ ಪಡದಾಗ ಕಟ್ಟೂಣು. ದೂರ ಆಕ್ಕೈತಿ, ನೀರಿಲ್ಲ, ಖರೇ. ನೀರ ತರೂಮಟ ನಾ ಕಚೇರಿ ಬಾಗಲಾ ಬಿಡೂದಿಲ್ಲ."

ಆಗ ಹೆಂಗಸರ ಸಾಲಿನಿಂದ ಸಕ್ಕೂಬಾಯಿಯ ಮಗಳು ರಮಾಬಾಯಿ ಎದ್ದಳು. ಐವತ್ತರ ಹೆಂಗಸು, ಅಷ್ಟು ಜನರ ಮುಂದೆ ಎಂದೂ ಬಾಯಿ ತೆರೆದವಳಲ್ಲ. "ಇಷ್ಟ ವರ್ಷ ದಿನಾ ನನ್ನ ಬಾಗಲ ಮುಂದ ಹಾದು ಲೈನಿಗೆ ಹ್ವಾದಿ" ಎಂದಳು. "ಒಂದಿನಾನೂ ಒಳಗ ಬಂದು ಇದನ್ನ ಹೇಳಲಿಲ್ಲ." ಗಾಳೆವ್ವ ತಲೆ ಬಗ್ಗಿಸಿದಳು. ರಮಾಬಾಯಿ ಸೆರಗು ಬಿಗಿದುಕೊಂಡು ಗೇಟಿನ ಹೊರಗೆ ನಡೆದಳು. ಯಾವ ಕಡೆಗೂ ಕೈ ಎತ್ತಲಿಲ್ಲ.

ನಿರ್ಮಲಾ ಮೇಡಂ ಎರಡು ಸಲ ಎಣಿಸಿದರು, ಕೊಟ್ರೇಶನಿಂದಲೂ ಒಮ್ಮೆ ಎಣಿಕೆ ಮಾಡಿಸಿದರು. ಲೈನು ಮೀಸಲಿಡಲು ನೂರ ಹನ್ನೆರಡು. ಮನೆ ಜಾಗಕ್ಕೆ ತೊಂಬತ್ತೆಂಟು. ಉಳಿದವರು ಸುಮ್ಮನಿದ್ದರು. ಊರ ನಕಾಶೆಯಲ್ಲಿ ಹಳೇ ಲೈನು ಸಾರಿಗೆಗೆ ಮೀಸಲು, ಅಲ್ಲಿ ಕಟ್ಟಡವಿಲ್ಲ, ಅಗೆತವಿಲ್ಲ, ಬದಲಿಸಬೇಕಾದರೆ ಮತ್ತೆ ಗ್ರಾಮಸಭೆಯೇ ಒಪ್ಪಬೇಕು ಎಂದು ಬರೆದರು. ಪಡದ ಏಳೆಕರೆಯನ್ನು ಮನೆಗಳಿಗೆ ಕೇಳುವ ಠರಾವು ಅದರ ಕೆಳಗೆ. ಕೊಟ್ರೇಶ ಎರಡಕ್ಕೂ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತ, "ನೀರಿನ ಮಾತ ನೆನಪಿಡು ಗಾಳೆವ್ವ" ಎಂದ.

ಗೆದ್ದ ಸಂತೋಷ ಆಕೆಯಲ್ಲಿ ನನಗೆ ಕಾಣಲಿಲ್ಲ. ಮರುದಿನ ಬೆಳಿಗ್ಗೆ ರಮಾಬಾಯಿಯ ಮನೆಗೆ ಹೋಗಿ ಅಂಗಳದಲ್ಲಿ ನಿಂತಳಂತೆ. ರಮಾಬಾಯಿ ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ಎಲ್ಲಿ ಕಡದ್ರಿ, ತೋರಸು" ಎಂದಳು. ಇಬ್ಬರೂ ಲೈನಿನ ಮೇಲೆ ಹಳ್ಳದವರೆಗೆ ನಡೆದರು.

"ಎಷ್ಟ ಬುಟ್ಟಿ?"

"ಎಣಿಸಿಲ್ಲ ಯವ್ವಾ."

ರಮಾಬಾಯಿ ಒಬ್ಬಳೇ ತಿರುಗಿ ಬಂದಳು. ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಆ ಕಂದರ ತುಂಬಿಸಿ, ಅಡಿಯಲ್ಲಿ ನೀರು ಹಾಯಲು ಪೈಪು ಇಟ್ಟರು. ಕೂಲಿಗಳ ಹಾಜರಿಯಲ್ಲಿ ಇಬ್ಬರ ಹೆಸರೂ ಇತ್ತು. ಮಾತಾಡಿದ್ದನ್ನು ಯಾರೂ ನೋಡಲಿಲ್ಲ.

ಪಡದ ಕೆಲಸ ಹದಿನಾಲ್ಕು ತಿಂಗಳು ಎಳೆಯಿತು. ಜಾಲಿ ಕಡಿಸಬೇಕು, ನಕಾಶೆ ಆಗಬೇಕು, ಮೇಲಿನವರ ಒಪ್ಪಿಗೆ ಬರಬೇಕು. ಗಾಳೆವ್ವ ರೋಣಕ್ಕೆ ಎಷ್ಟು ಸಲ ಹೋದಳೋ, ಬಸ್ಸಿನ ಕಂಡಕ್ಟರ್ ಆಕೆಯನ್ನು ನೋಡಿದರೆ ಎಲ್ಲಿಗೆ ಎಂದು ಕೇಳುವುದನ್ನೇ ಬಿಟ್ಟ. ಕೊನೆಗೆ ನಲವತ್ತೊಂದು ಕುಟುಂಬಗಳಿಗೆ ಹಕ್ಕುಪತ್ರ ಬಂತು. ಗೌರವ್ವನಿಗೂ ಬಂತು. ಉಳಿದ ಇಪ್ಪತ್ತೊಂದು ಮನೆಯವರ ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ. ಅವರಲ್ಲಿ ಕೆಲವರು ಈಗಲೂ ಗಾಳೆವ್ವನನ್ನು ಕಂಡರೆ ಉಗುಳುತ್ತಾರೆ. ಕೊಳವೆಬಾವಿ ಕೊರೆದಾಗ ಮೊದಲೆರಡು ಕಡೆ ಧೂಳೆದ್ದಿತು, ಮೂರನೆಯದರಲ್ಲಿ ನೀರು ಸಿಕ್ಕಿತು, ಸ್ವಲ್ಪ ಸವಳು.

ಪರಶಪ್ಪನ ಹೆಸರನ್ನು ಆಕೆ ಹೇಳಿದಂತೆ ಮೊದಲು ಬರೆಸಿದ್ದಳು. ಹಕ್ಕುಪತ್ರ ತೆಗೆದುಕೊಳ್ಳಲು ಅವನು ಬಂದ. ಕಾರ್ಯಾಲಯದ ಮೆಟ್ಟಿಲಲ್ಲಿ ಅಕ್ಕ ಎದುರಾದಳು. "ಹುಡುಗೂರು ಹ್ಯಾಂಗದಾವು?" ಎಂದಳು. "ಚಲೋ ಅದಾವು" ಎಂದು ಇಳಿದುಹೋದ. ಅವನ ಮನೆಗೆ ಈಗ ಬುನಾದಿ ಬಿದ್ದಿದೆ. ಪೂಜೆಗೆ ಅಕ್ಕನನ್ನು ಕರೆಯಲಿಲ್ಲ. ಆದರೆ ಪೂಜೆ ಆದ ಮೇಲೆ ಅವನ ಹೆಂಡತಿ ಒಂದು ಡಬ್ಬಿಯಲ್ಲಿ ಹುಗ್ಗಿ ತಂದು, ನನ್ನ ಗ್ರಂಥಾಲಯದಲ್ಲಿಟ್ಟು, "ಅತ್ತಿಗಿ ಬಂದ್ರ ಕೊಡ್ರಿ" ಎಂದು ಹೋದಳು.

ರೈಲಿನ ಸುದ್ದಿ? ಸರ್ವೆ ವರದಿ ಮೇಲಕ್ಕೆ ಹೋಗಿದೆ ಎನ್ನುತ್ತಾರೆ. ಮೇಲೆ ಎಂದರೆ ಎಲ್ಲಿ ಎಂದು ನನಗೂ ಗೊತ್ತಿಲ್ಲ. ಒಂದು ದಿನ ಮೀಸಲಿಟ್ಟ ಲೈನಿನ ನಕಾಶೆಯ ಪ್ರತಿ ಕಳಿಸಿ ಎಂದು ರೈಲ್ವೆಯವರ ಪತ್ರ ಬಂತು. ಗಾಳೆವ್ವ ಅದನ್ನು ನನ್ನಿಂದ ಮೂರು ಸಲ ಓದಿಸಿದಳು. "ಇದರ ಅರ್ಥ ರೈಲ್ ಬರತೈತಂತ, ಹೌದಿಲ್ರಿ?" ಎಂದಳು. ಅಲ್ಲ ಎಂದೆ. "ಬರೂದಿಲ್ಲಂತನೂ ಅಲ್ಲ" ಎಂದು ತಾನೇ ಹೇಳಿಕೊಂಡಳು. ನಕಾಶೆಯ ಪ್ರತಿಯನ್ನು ಅಂಚೆಗೆ ಒಪ್ಪಿಸಲು ಮನಸ್ಸಾಗದೆ ತಾನೇ ಒಯ್ದು ಕೊಟ್ಟು ಬಂದಳು.

ಈ ವರ್ಷ ಬಸ್ ನಿಲ್ದಾಣದ ಪಕ್ಕದ ವ್ಯಾಪಾರಸ್ಥರು ಹೊಸ ಅರ್ಜಿ ಕೊಟ್ಟಿದ್ದಾರೆ. ಪೂರ್ತಿ ಲೈನು ಬೇಡ, ನಿಲ್ದಾಣದ ಕಡೆಯ ಐದು ಗುಂಟೆ ಅಂಗಡಿಗಳಿಗೆ ಬಿಟ್ಟರೆ ಸಾಕು ಎಂದು. ಬರುವ ಗ್ರಾಮಸಭೆಗೆ ಅದು ಬರುತ್ತದೆ. ಹೋದ ಸಲ ಕೈ ಎತ್ತಿದ್ದವರಲ್ಲಿ ಕೆಲವರು, "ಐದ ಗುಂಟೆ ಏನ ಮಹಾ" ಎನ್ನತೊಡಗಿದ್ದಾರೆ. ಸೋಮವಾರ ನಾನು ಗ್ರಂಥಾಲಯದ ಬೀಗ ತೆಗೆಯುವಾಗ ಗಾಳೆವ್ವ ಮೆಟ್ಟಿಲ ಕೆಳಗೆ ನಿಂತಿದ್ದಳು. ಮತದಾರರ ಹೊಸ ಪಟ್ಟಿ ಬಂದಿದೆಯೇ ಎಂದು ಕೇಳಿದಳು. ಬಂದಿತ್ತು. "ಮೊದಲನೇ ಓಣಿ ಹೆಸರ ಅಷ್ಟ ಓದ್ರಿ ಮಾಸ್ತರ, ಉಳಿದದ್ದು ಸಂಜಿಗೆ" ಎಂದಳು. ನಾನು ಹದಿನಾಲ್ಕನೆಯ ಹೆಸರಿಗೆ ಬರುವಷ್ಟರಲ್ಲಿ ಆಕೆ ಮೊದಲ ಮನೆಯ ಕಡೆ ಓಣಿಯ ತಿರುವು ದಾಟಿದ್ದಳು.